ತಪ್ಪು ಒಂದು ದಿನದ್ದು, ಬಡ್ಡಿ ಮೌನದ್ದು

ಕಳೆದ ವಾರ ರಾತ್ರಿ ಹನ್ನೊಂದೂವರೆಗೆ ಫೋನಿಗೆ ಒಂದು ಮೆಸೇಜ್ ಬಂತು. ಈ ಅಂಕಣ ಓದುವ ಹುಡುಗಿ. ಬಿ.ಕಾಂ ಮುಗಿಸಿ ಒಂದು ಫೈನಾನ್ಸ್ ಕಂಪನೀಲಿ ಇಂಟರ್ನ್ ಆಗಿ ಸೇರಿ ಎರಡು ತಿಂಗಳಾಗಿದೆ.

"ಅಕ್ಕ, ಇವತ್ತು ಒಂದು ದೊಡ್ಡ ತಪ್ಪು ಮಾಡಿಬಿಟ್ಟಿದೀನಿ. ಇನ್ನೂ ಯಾರಿಗೂ ಗೊತ್ತಿಲ್ಲ. ನಾಳೆ ಆಫೀಸಿಗೆ ಹೋಗ್ಲೋ ಬೇಡ್ವೋ ಅಂತ ಯೋಚಿಸ್ತಾ ಇದೀನಿ."

ತಪ್ಪು ಏನು ಅಂತ ಆಕೆ ಬರೆದಿರಲಿಲ್ಲ. ನನಗೆ ಅದು ಬೇಕಾಗಿಯೂ ಇರಲಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಅದರ ನಡುವಿನ ಮೂರು ಪದ: "ಇನ್ನೂ ಯಾರಿಗೂ ಗೊತ್ತಿಲ್ಲ." 2022ರ ನವೆಂಬರಿನಲ್ಲಿ ಇದೇ ಮಾತನ್ನ ನಾನು ನನಗೇ ಹೇಳಿಕೊಂಡಿದ್ದೆ. ಒಂದು ದಿನವಲ್ಲ, ಒಂದು ತಿಂಗಳು.

ಸಿರುಗುಪ್ಪದ ಒಂದು ಲೋಡ್ ಅಕ್ಕಿ

ಆಗ ನಾನು ಬಳ್ಳಾರಿಯ ಒಂದು ಸಿಎ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ ಮಾಡ್ತಿದ್ದೆ. ಸಿಎ ಓದುವವರಿಗೆ ಅದೇ ಇಂಟರ್ನ್‌ಶಿಪ್. ನಮ್ಮ ಕಾಲಕ್ಕೆ 3 ವರ್ಷ ಇತ್ತು, 2023ರ ಹೊಸ ಪದ್ಧತಿಯಲ್ಲಿ 2 ವರ್ಷಕ್ಕೆ ಇಳಿದಿದೆ. ನಮ್ಮ ಆಫೀಸಿನ ಬೀರು ತೆಗೆದರೆ ಇಡೀ ಜಿಲ್ಲೆಯೇ ಫೈಲುಗಳಾಗಿ ಕೂತಿತ್ತು: ಬಳ್ಳಾರಿಯ ಜೀನ್ಸ್ ಹೊಲಿಯೋ ಯೂನಿಟ್‌ಗಳು, ಸಿರುಗುಪ್ಪದ ರೈಸ್ ಮಿಲ್‌ಗಳು, ಕುರುಗೋಡಿನ ಬೀಜ-ಗೊಬ್ಬರದ ಅಂಗಡಿಗಳು.

ಆ ವರ್ಷ ಅಕ್ಕಿ ಮಿಲ್ಲುಗಳ ಲೆಕ್ಕ ಸ್ವಲ್ಪ ಗಲಿಬಿಲಿ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಬಂತು. 25 ಕೆಜಿ ದಾಟಿದರೆ ತೆರಿಗೆ ಇಲ್ಲ. ಅಂಗಡಿಗಳಲ್ಲಿ ಇದ್ದಕ್ಕಿದ್ದಂತೆ 26 ಕೆಜಿ ಚೀಲ ಕಾಣಿಸಿಕೊಂಡಿದ್ದು ಯಾಕೆ ಅಂತ ನಿಮಗೆ ಅನುಮಾನ ಇದ್ದರೆ, ಉತ್ತರ ಇದೇ. ನಾನು ನೋಡಿಕೊಳ್ತಿದ್ದ ಮಿಲ್ಲಿನಿಂದ ಎರಡೂ ತರದ ಚೀಲ ಹೋಗ್ತಿದ್ದವು. ಹಾಗಾಗಿ ಪ್ರತಿ ಬಿಲ್ಲನ್ನೂ ನೋಡಿ, ಬೇರೆ ಮಾಡಿ, ಎಕ್ಸೆಲ್‌ಗೆ ಕೈಯಾರೆ ಹಾಕ್ಬೇಕಿತ್ತು. ಇ-ಇನ್‌ವಾಯ್ಸ್ ಆಗ 10 ಕೋಟಿ ಮೇಲಿನ ವಹಿವಾಟಿನವರಿಗೆ ಮಾತ್ರ ಕಡ್ಡಾಯ. ಈ ಮಿಲ್ಲು ಅದಕ್ಕಿಂತ ಕೆಳಗಿತ್ತು.

ಅಕ್ಟೋಬರಿನಲ್ಲಿ ಆ ಮಿಲ್ಲಿನಿಂದ ಆಂಧ್ರದ ಆದೋನಿಗೆ ಒಂದು ಲಾರಿ ಲೋಡ್ ಹೋಗಿತ್ತು. 25 ಕೆಜಿಯ 480 ಚೀಲ, ಬೆಲೆ 6 ಲಕ್ಷ ರೂಪಾಯಿ, ಮೇಲೆ ಜಿಎಸ್‌ಟಿ 30 ಸಾವಿರ. ನವೆಂಬರ್ 11 ಜಿಎಸ್‌ಟಿಆರ್-1 ಹಾಕುವ ಕೊನೇ ದಿನ. ರಾತ್ರಿ ಎಂಟು ಗಂಟೆ, ಪೋರ್ಟಲ್ ನಿಧಾನ, ಹೊಟ್ಟೆ ಹಸಿವು. ಗಿರಾಕಿಗಳ ಪಟ್ಟಿಯಲ್ಲಿ ಒಂದೇ ಹೆಸರಿನ ಎರಡು ಅಂಗಡಿ ಇದ್ದವು. ಒಂದು ಆದೋನಿಯದು, ಇನ್ನೊಂದು ಗುಂತಕಲ್‌ನದು. ನಾನು ಗುಂತಕಲ್‌ನವರ ನಂಬರ್ ಹಾಕಿಬಿಟ್ಟೆ.

ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29, ಆಂಧ್ರಕ್ಕೆ 37. ಮುಂದಿನ 10 ಪ್ಯಾನ್ ನಂಬರ್. ಕೊನೆಯದು ಚೆಕ್ ಡಿಜಿಟ್. ಒಂದು ಅಕ್ಷರ ತಪ್ಪಾಗಿ ಟೈಪ್ ಮಾಡಿದ್ರೆ ಪೋರ್ಟಲ್ ಹಿಡಿಯುತ್ತೆ. ಆದ್ರೆ ಸರಿಯಾಗಿರೋ ಇನ್ನೊಬ್ಬರ ನಂಬರ್ ಹಾಕಿದ್ರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಎರಡೂ ಆಂಧ್ರದ್ದೇ, ತೆರಿಗೆಯೂ ಅಷ್ಟೇ. ರಿಟರ್ನ್ ಸಲೀಸಾಗಿ ಫೈಲ್ ಆಯ್ತು.

ಮಾರನೇ ದಿನ, ನವೆಂಬರ್ 12ರ ಬೆಳಿಗ್ಗೆ, ಬಿಲ್ಲುಗಳನ್ನ ಫೈಲಿಗೆ ಸೇರಿಸುವಾಗ ಕಣ್ಣಿಗೆ ಬಿತ್ತು.

ಒಂದು ತಿಂಗಳು

ಎದ್ದು ಹತ್ತು ಹೆಜ್ಜೆ ನಡೆದರೆ ಸರ್ ಕ್ಯಾಬಿನ್. ನಾನು ಏಳಲಿಲ್ಲ.

ಯಾಕೆ ಅಂತ ಈಗ ಕೇಳಿದರೆ ನನ್ನ ಹತ್ರ ದೊಡ್ಡ ಕಾರಣ ಏನೂ ಇಲ್ಲ. ಹಿಂದಿನ ವಾರವಷ್ಟೇ ಸರ್ ಎಲ್ಲರೆದುರು ನನ್ನನ್ನ ಹೊಗಳಿದ್ದರು. ಆ ಹೆಸರು ಒಂದು ವಾರಕ್ಕೇ ಹೋಗುತ್ತಲ್ಲ ಅನ್ನೋ ಸಂಕಟ. "ಯಾರೂ ಗಮನಿಸಲ್ಲ ಬಿಡು" ಅಂತ ಒಂದು ಮನಸ್ಸು. "ಮುಂದಿನ ತಿಂಗಳ ರಿಟರ್ನ್‌ನಲ್ಲಿ ಯಾರಿಗೂ ಹೇಳದೆ ಸರಿ ಮಾಡಿಬಿಡೋಣ" ಅಂತ ಇನ್ನೊಂದು. ಮುಂದಿನ ತಿಂಗಳು ಬಂದಾಗ ಆ ಮಿಲ್ಲಿನ ಕೆಲಸ ಬೇರೆ ಹುಡುಗನ ಕೈಗೆ ಹೋಗಿತ್ತು. ಅವನ ಹತ್ರ ಹೇಳ್ಬೇಕಂದ್ರೆ ತಪ್ಪು ಒಪ್ಪಿಕೊಳ್ಳಬೇಕಿತ್ತು. ಡಿಸೆಂಬರ್ 11 ದಾಟಿಹೋಯ್ತು.

ಆ ತಿಂಗಳು ನಾನು ಮಾಡಿದ ಉಳಿದ ಕೆಲಸವೂ ಕೆಟ್ಟಿತು. ಫೋನ್ ರಿಂಗಾದ್ರೆ ಸಿರುಗುಪ್ಪದಿಂದಲೇ ಅನ್ನಿಸೋದು. ಊಟ ಸೇರ್ತಿರಲಿಲ್ಲ. ಒಂದು ತಪ್ಪನ್ನ ಮುಚ್ಚಿಡೋಕೆ ಹೋಗುವ ತಲೆಗೆ ಬೇರೆ ಹತ್ತು ಲೆಕ್ಕ ನೋಡೋ ಜಾಗ ಎಲ್ಲಿಂದ ಬರಬೇಕು?

ಡಿಸೆಂಬರ್ ಮಧ್ಯದಲ್ಲಿ ಮಿಲ್ ಸಾವ್ಕಾರ್ರ ಫೋನ್ ಬಂತು. ಆದೋನಿ ಗಿರಾಕಿ ತಮ್ಮ 2ಬಿ ಪಟ್ಟಿಯಲ್ಲಿ ಈ ಬಿಲ್ಲಿಗೆ ಎರಡು ತಿಂಗಳು ಕಾದು ನೋಡಿದ್ದರು. ಮಾರಿದವರು ಹಾಕಿದ ರಿಟರ್ನ್ ಆಧಾರದ ಮೇಲೆ ಕೊಂಡವರಿಗೆ ಪ್ರತಿ ತಿಂಗಳ 14ಕ್ಕೆ ಸಿಗುವ ಪಟ್ಟಿ ಅದು. ಅದರಲ್ಲಿ ಬಿಲ್ಲು ಕಾಣದಿದ್ದರೆ ಕಟ್ಟಿದ ತೆರಿಗೆಯ ಕ್ರೆಡಿಟ್ ತಗೊಳ್ಳೋ ಹಾಗಿಲ್ಲ. ಅವರು 30 ಸಾವಿರ ಹಿಡಿದಿಟ್ಟುಕೊಂಡರು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮುಂದಿನ ಲೋಡನ್ನೇ ಬೇಡ ಅಂದುಬಿಟ್ಟರು.

"ಬೈತಿರೋದು ತಪ್ಪಿಗಲ್ಲ"

ಅವತ್ತು ಕ್ಯಾಬಿನ್‌ಗೆ ಹೋದೆ. ಎಲ್ಲ ಹೇಳಿದೆ. ನವೆಂಬರ್ 12ಕ್ಕೇ ಗೊತ್ತಿತ್ತು ಅನ್ನೋದನ್ನೂ ಹೇಳಿದೆ. ಅದನ್ನ ಹೇಳದೇ ಇರಬಹುದಿತ್ತು, ಆದ್ರೆ ಒಂದು ತಿಂಗಳ ನಂತರ ಇನ್ನೊಂದು ಸುಳ್ಳು ಹೊರೋ ಶಕ್ತಿ ನನಗಿರಲಿಲ್ಲ.

ಸರ್ ಬೈದರು, ಚೆನ್ನಾಗೇ ಬೈದರು. ಕೊನೆಗೆ ಹೇಳಿದ ಮಾತು ಮಾತ್ರ ನೆನಪಿದೆ: "ನಾ ಬೈತಿರೋದು ತಪ್ಪಿಗಲ್ಲಮ್ಮ. ಆ ತಪ್ಪು ನನ್ನ ಕಣ್ಣಿಗೂ ಬೀಳ್ಬೇಕಿತ್ತು, ಫೈಲ್ ಮಾಡೋಕೆ ಮುಂಚೆ ನಾನೂ ನೋಡ್ಲಿಲ್ಲ. ಬೈತಿರೋದು ಆ ಒಂದು ತಿಂಗಳಿಗೆ."

ಲೆಕ್ಕ ಅವರೇ ಬಿಡಿಸಿ ತೋರಿಸಿದರು. ನವೆಂಬರ್ 12ಕ್ಕೆ ಹೇಳಿದ್ದರೆ ಡಿಸೆಂಬರ್ 11ರೊಳಗೆ ತಿದ್ದುಪಡಿ ಹೋಗ್ತಿತ್ತು, ಡಿಸೆಂಬರ್ 14ಕ್ಕೆ ಆದೋನಿಯವರ ಪಟ್ಟಿಗೆ ಬಿಲ್ಲು ಬಂದಿರ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವತ್ತೇ ಒಂದು ಫೋನ್ ಮಾಡಿ "ನಮ್ಮಿಂದ ತಪ್ಪಾಗಿದೆ, ಮುಂದಿನ ತಿಂಗಳು ಸರಿ ಮಾಡ್ತೀವಿ" ಅಂದಿದ್ದರೆ ಲೋಡ್ ನಿಲ್ತಾನೇ ಇರಲಿಲ್ಲ. ಈಗ ಜನವರಿವರೆಗೆ ಕಾಯಬೇಕು. ನವೆಂಬರ್, ಡಿಸೆಂಬರ್ ಅಂದರೆ ಸಿರುಗುಪ್ಪದಲ್ಲಿ ಹೊಸ ಭತ್ತ ಬರೋ ಕಾಲ. ಮಿಲ್ಲಿನವರಿಗೆ ವರ್ಷದಲ್ಲಿ ದುಡ್ಡು ಅತಿ ಹೆಚ್ಚು ಬೇಕಾಗೋದು ಆಗಲೇ.

ಮರುದಿನ ಸರ್ ಜೊತೆ ಸಿರುಗುಪ್ಪಕ್ಕೆ ಹೊರಟೆ. ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕೊಯ್ದ ಗದ್ದೆ. ದಾರಿಯುದ್ದಕ್ಕೂ ನನ್ನ ಬಾಯಲ್ಲಿ ಮಾತಿಲ್ಲ. ಮಿಲ್ಲಿನ ಆಫೀಸ್ ರೂಮಿನ ಹೊರಗೆ ನಾಲ್ಕೈದು ಜನ ರೈತರು ಕೂತಿದ್ದರು. ಸಾವ್ಕಾರ್ರು ಕೂಗಾಡ್ತಾರೆ ಅಂದುಕೊಂಡಿದ್ದೆ. ಅವರು ಕೂಗಾಡಲಿಲ್ಲ. ಕಿಟಕಿ ಕಡೆ ಕೈ ತೋರಿಸಿದರು.

"ಅಮ್ಮಾ, 30 ಸಾವಿರ ದೊಡ್ಡ ಮಾತಲ್ಲ. ಆದೋನಿ ಲೋಡ್ ನಿಂತ್ರೆ ಅಲ್ಲಿಂದ ರೊಕ್ಕ ಬರಲ್ಲ. ರೊಕ್ಕ ಬರ್ಲಿಲ್ಲ ಅಂದ್ರ ಅವ್ರಿಗೆ ಭತ್ತದ ದುಡ್ಡು ಎಲ್ಲಿಂದ ಕೊಡ್ಲಿ? ನೋಡು, ಬೆಳಿಗ್ಗಿಂದ ಬಂದು ಕುಂತಾರ."

ಎಕ್ಸೆಲ್ ಶೀಟಿನ ಒಂದು ಸಾಲು ಅಂದುಕೊಂಡಿದ್ದೆ. ಆ ಸಾಲು ಪಂಚೆ ಉಟ್ಟು, ಟವಲ್ ಹೆಗಲಿಗೆ ಹಾಕಿ, ಹೊರಗೆ ಬೆಂಚಿನ ಮೇಲೆ ಕೂತಿತ್ತು.

ಆ ಮಧ್ಯಾಹ್ನ ಪೂರ್ತಿ ಮಿಲ್ಲಿನ ಗುಮಾಸ್ತರ ಪಕ್ಕ ಕೂತು ಏಪ್ರಿಲ್‌ನಿಂದ ಒಂದೊಂದೇ ಬಿಲ್ಲು ತಾಳೆ ನೋಡಿದೆ. ಗುಮಾಸ್ತರು ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಊರು ಬರೆದಿದ್ದರು. ನನ್ನ ಮುಖ ನೋಡಿ ಅಂದರು: "ಹೆಸ್ರು ಓದಬ್ಯಾಡವ್ವಾ, ನಂಬರ್ ಓದು. ಒಂದೇ ಹೆಸ್ರು ಊರಿಗೊಂದು ಇರ್ತಾವ." ನಾನು ಇವತ್ತಿಗೂ ಜಿಎಸ್‌ಟಿ ನಂಬರಿನ ಕೊನೆಯ ಐದು ಅಕ್ಷರಗಳನ್ನ ಬಾಯಿಬಿಟ್ಟು ಓದಿ ಬಿಲ್ಲಿನ ಜೊತೆ ತಾಳೆ ನೋಡ್ತೀನಿ. ಆ ಅಭ್ಯಾಸ ಕಲಿಸಿದ್ದು ಕಾಲೇಜಲ್ಲ.

ಸರ್ ಅಲ್ಲಿಂದಲೇ ಆದೋನಿಗೆ ಫೋನ್ ಮಾಡಿದರು. ಬಿಲ್ಲಿನಲ್ಲೂ ಇ-ವೇ ಬಿಲ್ಲಿನಲ್ಲೂ ನಂಬರ್ ಸರಿಯಾಗೇ ಇದೆ, ತಪ್ಪಿರೋದು ನಮ್ಮ ರಿಟರ್ನ್‌ನಲ್ಲಿ ಮಾತ್ರ ಅಂತ ಬಿಡಿಸಿ ಹೇಳಿ, ಅದನ್ನ ಬರೆದೂ ಕಳಿಸಿದರು. ಗುಂತಕಲ್‌ನವರಿಗೂ ತಿಳಿಸಿದರು, ಇಲ್ಲದಿದ್ದರೆ ತಮ್ಮದಲ್ಲದ ಬಿಲ್ಲಿನ ಕ್ರೆಡಿಟ್ ಅವರು ತಗೊಂಡುಬಿಡೋ ಅಪಾಯ ಇತ್ತು. ಜನವರಿ 11ರೊಳಗೆ ತಿದ್ದುಪಡಿ ಹೋಯ್ತು, ನಾನೇ ಹಾಕಿದ್ದು. ಜನವರಿ 14ಕ್ಕೆ, ಸಂಕ್ರಾಂತಿ ಗಡಿಬಿಡಿ ನಡುವೆ, ಆದೋನಿಯವರ ಪಟ್ಟಿಗೆ ಬಿಲ್ಲು ಬಂತು. ದುಡ್ಡೂ ಬಂತು. ನಿಂತುಹೋದ ಆ ಒಂದು ಲೋಡ್ ಮಾತ್ರ ವಾಪಸ್ ಬರಲಿಲ್ಲ. ಅಷ್ಟರಲ್ಲಿ ಅವರು ಬೇರೆ ಕಡೆ ಅಕ್ಕಿ ತಗೊಂಡಿದ್ದರು.

ತಪ್ಪಿಗೆ ಸರ್ಕಾರವೇ ಒಂದು ಜಾಗ ಇಟ್ಟಿದೆ

ಈ ತಿದ್ದುಪಡಿ ಹಾಕೋ ಜಾಗದ ಹೆಸರು ಟೇಬಲ್ 9ಎ. ಹಿಂದಿನ ತಿಂಗಳ ಬಿಲ್ಲಿನಲ್ಲಿ ಆದ ತಪ್ಪನ್ನ ಈ ತಿಂಗಳ ರಿಟರ್ನ್‌ನಲ್ಲಿ ಅಲ್ಲಿ ಸರಿ ಮಾಡಬಹುದು. ಒಂದು ಹಣಕಾಸು ವರ್ಷದ ತಪ್ಪಿಗೆ ಮುಂದಿನ ನವೆಂಬರ್ 30ರವರೆಗೆ ಅವಕಾಶ, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಹಾಕಿದ್ರೆ ಅಲ್ಲಿಗೆ ಮುಗೀತು. 2024ರ ಜುಲೈನಿಂದ ಜಿಎಸ್‌ಟಿಆರ್-1ಎ ಅಂತ ಇನ್ನೊಂದು ಬಾಗಿಲು ತೆರೆದಿದೆ: ಅದೇ ತಿಂಗಳ 3ಬಿ ಹಾಕೋ ಮುಂಚೆಯೇ ತಿದ್ದಬಹುದು. ನನ್ನ ತರ ಕೊಂಡವರ ನಂಬರೇ ತಪ್ಪಿದ್ರೆ ಮಾತ್ರ ಈಗಲೂ ಮುಂದಿನ ತಿಂಗಳಿಗೇ ಕಾಯ್ಬೇಕು.

ಇದನ್ನ ಇಷ್ಟು ವಿವರವಾಗಿ ಹೇಳೋಕೆ ಕಾರಣ ಇದೆ. ಜನ ತಪ್ಪು ಮಾಡ್ತಾರೆ ಅಂತ ಗೊತ್ತಿದ್ದೇ ತೆರಿಗೆ ಇಲಾಖೆ ಫಾರಂನಲ್ಲಿ ತಪ್ಪಿಗೊಂದು ಟೇಬಲ್ ಇಟ್ಟಿದೆ. ಅದೇ ಇಲಾಖೆ ತಡಕ್ಕೆ ಬೆಲೆಯನ್ನೂ ಕಟ್ಟಿದೆ: ರಿಟರ್ನ್ ತಡವಾದರೆ ದಿನದ ಲೆಕ್ಕದಲ್ಲಿ ಲೇಟ್ ಫೀ, ಬಾಕಿ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ. ತಪ್ಪು ತಿದ್ದೋಕೆ ಬಾಗಿಲಿದೆ, ತಡ ಮಾಡಿದ್ರೆ ಮೀಟರ್ ಓಡುತ್ತೆ.

ಪಿಯುಸಿ ಅಕೌಂಟೆನ್ಸಿ ನೆನಪು ಮಾಡಿಕೊಳ್ಳಿ. ರೆಕ್ಟಿಫಿಕೇಷನ್ ಆಫ್ ಎರರ್ಸ್ ಅಂತ ಪೂರ್ತಿ ಒಂದು ಪಾಠವೇ ಇದೆ. ಬರೆಯೋದು ಬಿಟ್ಟುಹೋದ ತಪ್ಪು, ಬೇರೆ ಕಡೆ ಬರೆದ ತಪ್ಪು, ತತ್ವದಲ್ಲೇ ಆದ ತಪ್ಪು, ಒಂದನ್ನೊಂದು ಮುಚ್ಚಿಕೊಳ್ಳೋ ತಪ್ಪು. ನಾಲ್ಕಕ್ಕೂ ಮೇಷ್ಟ್ರು ಹೇಳಿಕೊಟ್ಟ ಔಷಧ ಒಂದೇ: ಅಳಿಸಬೇಡ, ಸರಿಪಡಿಸೋ ಎಂಟ್ರಿ ಹಾಕು, ಕೆಳಗೆ ಕಾರಣ ಬರಿ. ಪರೀಕ್ಷೆಗೆ ಬರೆದು ಮರೆತುಬಿಟ್ಟೆವು.

ಮುಚ್ಚಿಟ್ಟ ಒಂದು ತಪ್ಪು, ಮುಳುಗಿದ ಒಂದು ಬ್ಯಾಂಕ್

ಮುಚ್ಚಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಪ್ರಪಂಚಕ್ಕೆಲ್ಲ ಗೊತ್ತಿರುವ ಕಥೆ ಬೇರಿಂಗ್ಸ್ ಬ್ಯಾಂಕಿನದು. 1762ರಲ್ಲಿ ಶುರುವಾದ ಲಂಡನ್ನಿನ ಬ್ಯಾಂಕ್. 1992ರಲ್ಲಿ ಅದರ ಸಿಂಗಪುರ ಆಫೀಸಿನಲ್ಲಿ ಹೊಸದಾಗಿ ಸೇರಿದ ಒಬ್ಬ ಉದ್ಯೋಗಿ 20 ಕಾಂಟ್ರಾಕ್ಟ್ ಕೊಳ್ಳೋ ಬದಲು ಮಾರಿಬಿಟ್ಟರು. ನಷ್ಟ ಸುಮಾರು 20 ಸಾವಿರ ಪೌಂಡ್. ಅಷ್ಟು ದೊಡ್ಡ ಬ್ಯಾಂಕಿಗೆ ಅದು ಚಿಲ್ಲರೆ. ಆದರೆ ಅಲ್ಲಿನ ಮೇಲಧಿಕಾರಿ ನಿಕ್ ಲೀಸನ್ ಅದನ್ನ ಲಂಡನ್ನಿಗೆ ಹೇಳಲಿಲ್ಲ, 88888 ಅನ್ನೋ ಖಾತೆಯಲ್ಲಿ ಬಚ್ಚಿಟ್ಟರು. ಇದು ಲೀಸನ್ನೇ ಮುಂದೆ ಹೇಳಿಕೊಂಡ ಕಥೆ. ಬಚ್ಚಿಟ್ಟದ್ದನ್ನ ಗಳಿಸಿ ಮುಚ್ಚೋಕೆ ಹೋಗಿ ಇನ್ನಷ್ಟು ಕಳೆದರು, ಅದನ್ನೂ ಅಲ್ಲೇ ಬಚ್ಚಿಟ್ಟರು. 1995ರ ಫೆಬ್ರವರಿಯಲ್ಲಿ ಗುಟ್ಟು ಹೊರಬಿದ್ದಾಗ ನಷ್ಟ 80 ಕೋಟಿ ಪೌಂಡ್ ದಾಟಿತ್ತು. ಇನ್ನೂರು ವರ್ಷ ದಾಟಿದ ಬ್ಯಾಂಕನ್ನ ಡಚ್ಚರ ಐಎನ್‌ಜಿ 1 ಪೌಂಡಿಗೆ ಕೊಂಡಿತು. ಲೀಸನ್ ಜೈಲಿಗೆ ಹೋದರು.

ನಮ್ಮ ನಿಮ್ಮ ತಪ್ಪುಗಳು ಬ್ಯಾಂಕ್ ಮುಳುಗಿಸಲ್ಲ, ನಿಜ. ಆದ್ರೆ ದಾರಿ ಅದೇ. ಮೊದಲು ಒಂದು ಸಣ್ಣ ತಪ್ಪು, ಆಮೇಲೆ ಅದನ್ನ ಮುಚ್ಚೋಕೆ ಒಂದು ಸಣ್ಣ ಸುಳ್ಳು. ಮೊದಲನೆಯದಕ್ಕೆ ಬೈಗುಳ ಸಿಗುತ್ತೆ. ಎರಡನೆಯದಕ್ಕೆ ನಂಬಿಕೆ ಹೋಗುತ್ತೆ. ಹಣಕಾಸಿನ ಕೆಲಸದಲ್ಲಿ ನಮ್ಮ ಹತ್ರ ಇರೋ ಬಂಡವಾಳ ಅದೊಂದೇ.

ಕುರುಗೋಡಿನ ಎರಡನೇ ಸಲ

ಒಂದು ಸಲ ಬುದ್ಧಿ ಬಂದ ಮೇಲೆ ತಪ್ಪೇ ಆಗಲ್ಲ ಅಂದುಕೊಂಡರೆ ಅದು ಇನ್ನೊಂದು ತಪ್ಪು. ಮೂರೇ ತಿಂಗಳಿಗೆ, 2023ರ ಮಾರ್ಚ್‌ನಲ್ಲಿ, ನಾನು ಇನ್ನೊಂದು ಮಾಡಿದೆ.

ಕುರುಗೋಡಿನ ಒಂದು ಬೀಜ-ಗೊಬ್ಬರದ ಅಂಗಡಿ. ಒಂದೇ ಸೂರಿನಡಿ ಆಗ ಮೂರು ತೆರಿಗೆ ದರ: ಬಿತ್ತನೆ ಬೀಜಕ್ಕೆ ಇಲ್ಲ, ಗೊಬ್ಬರಕ್ಕೆ ಶೇ 5, ಕೀಟನಾಶಕಕ್ಕೆ ಶೇ 18. ಅವರಿಗೆ ಬ್ಯಾಂಕಿನಲ್ಲಿ ಸಿಸಿ ಸಾಲ ಇತ್ತು. ಪ್ರತಿ ತಿಂಗಳು ಅಂಗಡೀಲಿ ಎಷ್ಟು ಮಾಲಿದೆ ಅಂತ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು, ಅದರ ಮೇಲೆ ಬ್ಯಾಂಕು ಎಷ್ಟು ದುಡ್ಡು ತೆಗೀಬಹುದು ಅನ್ನೋ ಮಿತಿ ಹಾಕುತ್ತೆ. ನಾನು ಮಾಲಿನ ಪಟ್ಟಿಗೆ ಕೆಳಗೆ 34 ಸಾಲು ಹೊಸದಾಗಿ ಸೇರಿಸಿದ್ದೆ. ಒಟ್ಟು ಕೂಡಿಸೋ ಫಾರ್ಮುಲಾ ಮಾತ್ರ ಹಳೇ ಸಾಲಿಗೇ ನಿಂತಿತ್ತು. 8 ಲಕ್ಷದ ಮಾಲು ಲೆಕ್ಕದಿಂದಲೇ ಮಾಯ. ಶೇ 25 ಮಾರ್ಜಿನ್ ಕಳೆದರೂ ಅಂಗಡಿಯವರ ಮಿತಿ 6 ಲಕ್ಷ ಕಡಿಮೆ ಆಗೋದು. ಕಂಪನಿಗೆ ಕೊಟ್ಟ ಅವರ ಚೆಕ್ಕು ಆ ವಾರ ಬರೋದಿತ್ತು. ಮಿತಿ ಕಡಿಮೆಯಾದ್ರೆ ಚೆಕ್ ಬೌನ್ಸ್.

ಸ್ಟೇಟ್‌ಮೆಂಟ್ ಬ್ಯಾಂಕಿಗೆ ಮೇಲ್ ಆಗಿ ಎರಡು ಗಂಟೆ ಆದ ಮೇಲೆ, ಸಂಜೆ ಆರಕ್ಕೆ, ನನಗೆ ಗೊತ್ತಾಯ್ತು. ಹೊಟ್ಟೆಯೊಳಗೆ ಅದೇ ಹಳೇ ತಳಮಳ, ಅದೇ "ಯಾರಿಗೂ ಗೊತ್ತಿಲ್ಲ." ಈ ಸಲ ಎದ್ದೆ. ಹತ್ತು ಹೆಜ್ಜೆ ನಡೆದೆ.

"ಸರ್, ಕುರುಗೋಡು ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ನನ್ನಿಂದ ತಪ್ಪಾಗಿದೆ. 34 ಸಾಲು ಕೂಡಿಲ್ಲ, 8 ಲಕ್ಷ ಕಡಿಮೆ ತೋರಿಸಿದೆ. ಸರಿ ಮಾಡಿದ್ದು ಇಲ್ಲಿದೆ, ನೀವೊಂದ್ಸಲ ನೋಡಿದ್ರೆ ಬ್ಯಾಂಕಿಗೂ ಅಂಗಡಿಯವರಿಗೂ ಈಗಲೇ ಫೋನ್ ಮಾಡ್ತೀನಿ."

ಸರ್ ಕನ್ನಡಕ ತೆಗೆದು ನನ್ನನ್ನ ನೋಡಿದರು. ಬೈಯಲಿಲ್ಲ. ಶೀಟ್ ಎಳೆದುಕೊಂಡರು. ಅರ್ಧ ಗಂಟೆ ನೋಡಿದರು. ಬೆಳಿಗ್ಗೆ ಬ್ಯಾಂಕ್ ಬಾಗಿಲು ತೆಗೆಯೋ ಹೊತ್ತಿಗೆ ಸರಿಯಾದ ಸ್ಟೇಟ್‌ಮೆಂಟ್ ಮ್ಯಾನೇಜರ್ ಟೇಬಲ್ ಮೇಲಿತ್ತು. ಚೆಕ್ ಪಾಸಾಯ್ತು.

ಅಂಗಡಿಯವರು ಆ ಹೊತ್ತಿಗೆ ದೊಡ್ಡಬಸವೇಶ್ವರ ಜಾತ್ರೆ ಓಡಾಟದಲ್ಲಿದ್ದರು. ಹೋಳಿ ಹುಣ್ಣಿಮೆ ಆಸುಪಾಸಿನಲ್ಲಿ ಕುರುಗೋಡಿನಲ್ಲಿ ತೇರಿನ ಗದ್ದಲ. ಫೋನಿನಲ್ಲಿ ಹಿಂದೆ ಡೊಳ್ಳಿನ ಸದ್ದು, ಮುಂದೆ ಅವರ ದನಿ: "ಚೆಕ್ ಪಾಸ್ ಆಗ್ತೈತಿಲ್ಲೋ ಅಷ್ಟು ಹೇಳ್ರೀ. ಆತಿಲ್ಲ? ಮತ್ತೇನೈತಿ, ತೇರಿಗೆ ಬರ್ರಿ!" ಅದೇ ಜಿಲ್ಲೆ, ಅದೇ ಹುಡುಗಿ, ದುಡ್ಡಿನ ಲೆಕ್ಕದಲ್ಲಿ ಇನ್ನೂ ದೊಡ್ಡ ತಪ್ಪು. ಆದರೆ ಒಂದು ರಾತ್ರಿಗೆ ಮುಗಿದುಹೋಯ್ತು.

ಅಂದಹಾಗೆ, ಫಾರ್ಮುಲಾ ಪೂರ್ತಿ ಎಳೆಯೋದು ಮರೆತವಳು ನಾನೊಬ್ಬಳೇ ಅಲ್ಲ. ಹಾರ್ವರ್ಡ್‌ನ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗೊಫ್ ಅನ್ನೋ ಇಬ್ಬರು ದೊಡ್ಡ ಅರ್ಥಶಾಸ್ತ್ರಜ್ಞರು ಸರ್ಕಾರಗಳ ಸಾಲದ ಬಗ್ಗೆ 2010ರಲ್ಲಿ ಬರೆದ ಪ್ರಬಂಧವನ್ನ ಎಷ್ಟೋ ದೇಶಗಳ ರಾಜಕಾರಣಿಗಳು ಉದಾಹರಿಸ್ತಿದ್ದರು. 2013ರಲ್ಲಿ ಥಾಮಸ್ ಹರ್ನ್‌ಡನ್ ಅನ್ನೋ ವಿದ್ಯಾರ್ಥಿ ಅವರ ಎಕ್ಸೆಲ್ ಶೀಟ್ ತರಿಸಿಕೊಂಡು ನೋಡಿದರೆ, ಸರಾಸರಿ ತೆಗೆಯೋ ಫಾರ್ಮುಲಾದಲ್ಲಿ 5 ದೇಶಗಳ ಸಾಲುಗಳೇ ಸೇರಿರಲಿಲ್ಲ. ತಮ್ಮ ಮುಖ್ಯ ವಾದ ಬಿಡದಿದ್ದರೂ, ಎಕ್ಸೆಲ್ ತಪ್ಪನ್ನ ಇಬ್ಬರೂ ಒಪ್ಪಿಕೊಂಡರು.

ಆ ಹುಡುಗಿಗೆ ನಾನು ಬರೆದದ್ದು

ರಾತ್ರಿ ಹನ್ನೆರಡಕ್ಕೆ ಆಕೆಗೆ ಉತ್ತರ ಬರೆದೆ. ಇವತ್ತು ರಾತ್ರಿ ಇಂಥದ್ದೇ ಗುಟ್ಟು ಇಟ್ಟುಕೊಂಡು ಫೋನ್ ನೋಡ್ತಾ ಮಲಗಿರುವ ಇನ್ನೊಬ್ಬರಿಗೂ ಬೇಕಾಗಬಹುದು.

ಮೊದಲು, ನಾಳೆ ಹೋಗು. ರಜೆ ಹಾಕಬೇಡ. ನೀನಿಲ್ಲದ ದಿನವೇ ಅದು ಹೊರಬಿದ್ದರೆ ತಪ್ಪಿಸಿಕೊಂಡಳು ಅಂತಾರೆ.

ಎರಡು, ಹೇಳೋಕೆ ಮುಂಚೆ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರ್ಕೋ. ಏನು ತಪ್ಪಾಯ್ತು. ಯಾರಿಗೆ, ಎಷ್ಟು ದುಡ್ಡಿನ ಪರಿಣಾಮ. ಯಾವ ದಿನಾಂಕದೊಳಗೆ ಸರಿ ಮಾಡ್ಬೇಕು. ಸರಿ ಮಾಡೋಕೆ ನಿನಗೆ ತೋಚಿದ ದಾರಿ ಏನು. ನಾಲ್ಕನೆಯದು ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಹೇಳಿಕೊಡಿ" ಅಂತಲೇ ಬರಿ. ಅಳು ಬಂದರೂ ಪರವಾಗಿಲ್ಲ, ಚೀಟಿ ಕೈಲಿದ್ದರೆ ಮಾತು ದಾರಿ ತಪ್ಪಲ್ಲ. "ಪೋರ್ಟಲ್ ನಿಧಾನ ಇತ್ತು, ಅವತ್ತು ಜ್ವರ ಇತ್ತು" ಇವೆಲ್ಲ ನಿಜ ಇರಬಹುದು, ಅವರು ಕೇಳಿದಾಗ ಹೇಳು.

ಮೂರು, ಮಾಡಬಾರದ ಕೆಲವು ಕೆಲಸ. ಹಳೇ ತಾರೀಖು ಹಾಕಬೇಡ. ಫೈಲ್ ಡಿಲೀಟ್ ಮಾಡಬೇಡ, ತಪ್ಪಾದ ಪ್ರತಿಯನ್ನೂ ಹಾಗೇ ಇಡು. ಕೈಯಿಂದ ದುಡ್ಡು ತುಂಬಿ ಮುಚ್ಚಬೇಡ, ಆ ದುಡ್ಡಿಗೆ ಮತ್ತೊಂದು ಸುಳ್ಳು ಲೆಕ್ಕ ಬೇಕಾಗುತ್ತೆ. ಗಿರಾಕಿಯ ಲೆಕ್ಕದ ಸ್ಕ್ರೀನ್‌ಶಾಟ್ ತೆಗೆದು "ಇದನ್ನ ಹೆಂಗೆ ಸರಿ ಮಾಡೋದ್ರೋ" ಅಂತ ಫ್ರೆಂಡ್ಸ್ ಗ್ರೂಪಿಗೆ ಹಾಕಬೇಡ. ಗಿರಾಕಿಯ ಮಾಹಿತಿ ಒಪ್ಪಿಗೆಯಿಲ್ಲದೆ ಹೊರಗೆ ಬಿಡೋದು ಸಿಎಗಳ ವೃತ್ತಿಯಲ್ಲಿ ದುರ್ನಡತೆ ಅಂತ 1949ರ ಕಾಯ್ದೆಯೇ ಹೇಳುತ್ತೆ. ಮೊದಲ ತಪ್ಪಿಗೆ ಕ್ಷಮೆ ಇದೆ, ಇದಕ್ಕೆ ಕಷ್ಟ.

ನಾಲ್ಕು, ತಿದ್ದೋ ಕೆಲಸ ನಿನಗೇ ಕೊಡಿ ಅಂತ ಕೇಳು. ಬೇರೆಯವರು ಸರಿ ಮಾಡಿದ ತಪ್ಪು ನಾಚಿಕೆಯಾಗಿ ಉಳಿಯುತ್ತೆ, ನಾವೇ ಸರಿ ಮಾಡಿದ್ದು ವಿದ್ಯೆಯಾಗಿ ಉಳಿಯುತ್ತೆ.

ಐದು, ಒಂದು ನೋಟ್‌ಬುಕ್ ಇಡು. ದಿನಾಂಕ, ಆದ ತಪ್ಪು, ಯಾಕಾಯ್ತು, ಇನ್ನು ಮುಂದೆ ಏನು ನೋಡ್ಬೇಕು. ನನ್ನ ನೋಟ್‌ಬುಕ್ಕಿನ ಮೊದಲ ಸಾಲು "ಹೆಸರಲ್ಲ, ನಂಬರ್." ಎರಡನೇ ಸಾಲು "ಫಾರ್ಮುಲಾ ಕೊನೇ ಸಾಲಿನವರೆಗೆ ಬಂದಿದೆಯಾ?" ಇತ್ತೀಚಿನದು "ದರ ಯಾವ ದಿನಾಂಕದ್ದು?" ಜೀನ್ಸ್ ಪ್ಯಾಂಟಿನ ಶೇ 5 ದರ ಮೊದಲು 1,000 ರೂಪಾಯಿವರೆಗೆ ಇತ್ತು, 2025ರ ಸೆಪ್ಟೆಂಬರ್ 22ರಿಂದ 2,500ರವರೆಗೆ ಆಯ್ತು. ಹಳೇ ಬಿಲ್ಲಿಗೆ ಹೊಸ ದರ ಹಾಕೋ ತಪ್ಪು ಸುಲಭವಾಗಿ ಆಗುತ್ತೆ.

ಇನ್ನೊಂದು ಮಾತು. ಇಂಟರ್ನ್ ಮಾಡಿದ ಒಂದು ತಪ್ಪು ಗಿರಾಕಿಯ ತನಕ ಹೋಯ್ತು ಅಂದರೆ ನಡುವೆ ನೋಡಬೇಕಾದ ಒಬ್ಬರು ನೋಡಿಲ್ಲ ಅಂತ ಅರ್ಥ. ಬ್ಯಾಂಕುಗಳಲ್ಲಿ ಒಬ್ಬರು ಎಂಟ್ರಿ ಹಾಕಿದರೆ ಇನ್ನೊಬ್ಬರು ಪಾಸ್ ಮಾಡೋ ಪದ್ಧತಿ ಇರೋದು ಇದಕ್ಕೇ. ನಿನ್ನ ಪಾಲಿನ ತಪ್ಪು ಪೂರ್ತಿ ಒಪ್ಪಿಕೋ, ಇಡೀ ಆಫೀಸಿನ ತಪ್ಪನ್ನ ತಲೆ ಮೇಲೆ ಹೊತ್ಕೋಬೇಡ. ಸಿರುಗುಪ್ಪದ ಪ್ರಕರಣದ ಮೇಲೆ ನಮ್ಮ ಆಫೀಸಿನಲ್ಲಿ ಯಾವ ರಿಟರ್ನೂ ಎರಡನೇ ಕಣ್ಣು ಬೀಳದೆ ಹೋಗ್ತಿರಲಿಲ್ಲ.

ಎಲ್ಲ ಆಫೀಸಿನಲ್ಲೂ ನಮ್ಮ ಸರ್ ತರದವರು ಇರಲ್ಲ, ಗೊತ್ತು. ಹೇಳಿದ್ದಕ್ಕೇ ಇಂಟರ್ನ್‌ಶಿಪ್ ಮುಂದುವರಿಸದೇ ಇರಬಹುದು. ಆದರೂ ಮುಂದಿನ ಇಂಟರ್‌ವ್ಯೂನಲ್ಲಿ "ನೀವು ಮಾಡಿದ ಒಂದು ತಪ್ಪು ಹೇಳಿ" ಅಂತ ಕೇಳೇ ಕೇಳ್ತಾರೆ. ಅವತ್ತು ಹೇಳೋಕೆ ಪೂರ್ತಿ ಆದ ಒಂದು ಕಥೆ ನಿನ್ನ ಹತ್ರ ಇರುತ್ತೆ: ಆಯ್ತು, ಹೇಳ್ದೆ, ಸರಿ ಮಾಡ್ದೆ, ಇನ್ನು ಹೀಗೆ ನೋಡ್ಕೋತೀನಿ. ಮುಚ್ಚಿಟ್ಟವರ ಹತ್ರ ಆ ಕಥೆ ಇರಲ್ಲ.

ತಳಮಳ ತೀರಾ ಹೆಚ್ಚಾಗಿ ಬದುಕೇ ಬೇಡ ಅನ್ನೋ ಯೋಚನೆ ಬಂದರೆ ಮಾತ್ರ ಬೆಳಗಾಗೋದನ್ನ ಕಾಯಬೇಡಿ. ಮನೆಯವರನ್ನ ಎಬ್ಬಿಸಿ. ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು. ಯಾವ ಲೆಕ್ಕದ ತಪ್ಪೂ ಜೀವಕ್ಕಿಂತ ದೊಡ್ಡದಲ್ಲ.

ಮರುದಿನ ಮಧ್ಯಾಹ್ನ ಆಕೆಯ ಮೆಸೇಜ್ ಬಂತು.

"ಹೇಳ್ದೆ ಅಕ್ಕ. ಮ್ಯಾನೇಜರ್ ತುಂಬಾ ಬೈದ್ರು. ಆ ಗಿರಾಕಿ ಕೆಲಸ ನನ್ನಿಂದ ತೆಗೆದುಬಿಟ್ರು. ಆದ್ರೆ ಸರಿ ಮಾಡೋ ಶೀಟ್ ನಾನೇ ಮಾಡ್ಬೇಕಂತೆ, ಸಂಜೆ ಐದಕ್ಕೆ ಕೊಡ್ಬೇಕು. ಈಗ ಊಟಕ್ಕೆ ಬಂದಿದೀನಿ. ಎರಡು ದಿನ ಆದ್ಮೇಲೆ ಇವತ್ತೇ ಹಸಿವಾಗಿದ್ದು."

ನಾನು ಇಷ್ಟೇ ಬರೆದೆ: "ಮೊದ್ಲು ಊಟ ಮಾಡು. ಆಮೇಲೆ ಫಾರ್ಮುಲಾ ಕೊನೇ ಸಾಲಿನವರೆಗೆ ಬಂದಿದೆಯಾ ನೋಡು."